26 ವಾರದ ಸಂಬಳ ಯಾರ ಜೇಬಿನಿಂದ?

2017ರ ಮಾರ್ಚ್ 9ರಂದು ಲೋಕಸಭೆಯಲ್ಲಿ ಹೆರಿಗೆ ಸೌಲಭ್ಯ ತಿದ್ದುಪಡಿ ಮಸೂದೆ ಪಾಸಾಯಿತು. 12 ವಾರ ಇದ್ದ ಸಂಬಳ ಸಹಿತ ರಜೆ 26 ವಾರ ಆಯಿತು. ಮಾರನೆಯ ದಿನ ಪೀಣ್ಯದ ನಮ್ಮ ಬೀದಿಯ ಟೀ ಅಂಗಡಿ ಮುಂದೆ ಇದೇ ಮಾತು. ಅಲ್ಲಿ ನಿಂತಿದ್ದವರೆಲ್ಲ ನನ್ನ ಹಾಗೇ ಸಣ್ಣ ಕಾರ್ಖಾನೆ ನಡೆಸುವವರು. ಒಬ್ಬರು ಹೇಳಿದರು, "ಇನ್ಮೇಲೆ ಹೊಸದಾಗಿ ಮದುವೆ ಆದ ಹುಡುಗೀರನ್ನ ಕೆಲಸಕ್ಕೆ ತಗೊಳ್ಳೋದೇ ಬೇಡ." ಯಾರೂ ಬೇಡ, ಹಾಗನ್ನಬೇಡಿ ಎನ್ನಲಿಲ್ಲ. ನಾನೂ ತಲೆ ಆಡಿಸಿ ಟೀ ಕುಡಿದು ಬಂದೆ.

ಇದನ್ನು ಮೊದಲೇ ಹೇಳಿಬಿಡಬೇಕು ಅನ್ನಿಸಿತು. ಏಕೆಂದರೆ ಮುಂದೆ ನಾನು ಬರೆಯುವುದು ಆ ತಲೆ ಆಡಿಸಿದ್ದನ್ನು ತಿದ್ದಿಕೊಂಡ ಕಥೆ.

ನಮ್ಮದು ವೈರ್ ಹಾರ್ನೆಸ್ ಕೆಲಸ. ಪಂಪಿನ ಪ್ಯಾನೆಲ್, ಯುಪಿಎಸ್, ಜನರೇಟರ್ ಇವುಗಳ ಒಳಗೆ ಬಣ್ಣಬಣ್ಣದ ತಂತಿಗಳ ಕಟ್ಟು ಇರುತ್ತದಲ್ಲ, ಅದನ್ನು ಮಾಡಿಕೊಡುತ್ತೇವೆ. ತಂತಿ ಕತ್ತರಿಸಬೇಕು, ತುದಿಗೆ ಟರ್ಮಿನಲ್ ಅನ್ನುವ ಲೋಹದ ತುಂಡು ಒತ್ತಬೇಕು, ಬೋರ್ಡಿನ ಮೇಲೆ ಜೋಡಿಸಿ ಕಟ್ಟಬೇಕು, ಆಮೇಲೆ ಒಂದೊಂದು ತಂತಿಯನ್ನೂ ಟೆಸ್ಟ್ ಮಾಡಬೇಕು. ಆಗ 34 ಜನ ಇದ್ದರು. ಅದರಲ್ಲಿ 27 ಹೆಂಗಸರು. ಈ ಕೆಲಸಕ್ಕೆ ಬೇಕಾದ ಕೈ, ಕಣ್ಣು, ತಾಳ್ಮೆ ಅವರಲ್ಲಿದೆ. ಅವರಿಲ್ಲದೆ ನನ್ನ ಕಾರ್ಖಾನೆ ಒಂದು ದಿನವೂ ನಡೆಯುವುದಿಲ್ಲ. ಹಾಗಿದ್ದರೂ ಸಂದರ್ಶನದಲ್ಲಿ "ಮದುವೆ ಯಾವಾಗಮ್ಮ?" ಅಂತ ಕೇಳುತ್ತಿದ್ದೆ. ಅದು ಕುಶಲ ವಿಚಾರಿಸುವ ಪ್ರಶ್ನೆ ಆಗಿರಲಿಲ್ಲ. ಉತ್ತರ ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಎದುರು ಕೂತ ಹುಡುಗಿಗೂ ಅದು ಗೊತ್ತಿರುತ್ತಿತ್ತು.

ಕಾನೂನು ಏಪ್ರಿಲ್ 1ಕ್ಕೆ ಜಾರಿಗೆ ಬಂತು. ಅಷ್ಟರಲ್ಲಿ ಒಬ್ಬ ಸಲಹೆಗಾರರನ್ನು ಕೇಳಿದೆ. ಅವರು ಎರಡು ದಾರಿ ಹೇಳಿದರು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದವರಿಗೆ ಮಾತ್ರ ಸೌಲಭ್ಯ, ಹಾಗಾಗಿ 80 ದಿನ ತುಂಬುವ ಮೊದಲೇ ಬ್ರೇಕ್ ಕೊಡಿ. ಇಲ್ಲವೇ, 10 ಜನಕ್ಕಿಂತ ಕಡಿಮೆ ಇದ್ದರೆ ಕಾನೂನು ಅನ್ವಯಿಸಲ್ಲ, ಹಾಗಾಗಿ ಕಾರ್ಖಾನೆಯನ್ನು ಕಾಗದದ ಮೇಲೆ ಒಡೆದು ನಾಲ್ಕು ಹೆಸರಲ್ಲಿ ತೋರಿಸಿ. ನಾನು ಫೀಸು ಕೊಟ್ಟು ಎದ್ದು ಬಂದೆ. ಆಗ ನನಗೆ ದೊಡ್ಡ ಆದರ್ಶವೇನೂ ಇರಲಿಲ್ಲ. ಟರ್ಮಿನಲ್ ಒತ್ತುವುದನ್ನು ಸರಿಯಾಗಿ ಕಲಿಯಲು ಮೂರು ತಿಂಗಳು ಬೇಕು. ಕಲಿತವರನ್ನು 79ನೇ ದಿನ ಮನೆಗೆ ಕಳಿಸಿದರೆ ನನಗೆ ಉಳಿಯುವುದೇನು?

ಆಮೇಲೆ ಕೂತು ಸಂಸತ್ತಿನ ಚರ್ಚೆ ಓದಿದೆ. ರಾಜ್ಯಸಭೆಯಲ್ಲಿ ಈ ಮಸೂದೆ 2016ರ ಆಗಸ್ಟ್ 11ರಂದೇ ಪಾಸಾಗಿತ್ತು. ಲೋಕಸಭೆಯಲ್ಲಿ ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮಂಡಿಸಿದರು. ಸುಮಾರು 18 ಲಕ್ಷ ಹೆಂಗಸರಿಗೆ ಅನುಕೂಲ ಆಗುತ್ತದೆ, ರಜೆಯ ಲೆಕ್ಕದಲ್ಲಿ ಕೆನಡಾ ಮತ್ತು ನಾರ್ವೆ ಬಿಟ್ಟರೆ ನಾವೇ ಮುಂದೆ ಎಂದು ಸರ್ಕಾರ ಹೇಳಿತು. ಸದಸ್ಯರು ಒಳ್ಳೆಯ ಪ್ರಶ್ನೆಗಳನ್ನೇ ಎತ್ತಿದರು. ಅಪ್ಪಂದಿರಿಗೂ ರಜೆ ಬೇಡವೇ? ಹೊಲದಲ್ಲಿ, ಮನೆಗೆಲಸದಲ್ಲಿ, ಕಟ್ಟಡ ಕೆಲಸದಲ್ಲಿ ಇರುವ ಹೆಂಗಸರ ಗತಿ ಏನು? ಎಲ್ಲ ಪಕ್ಷದವರೂ ಮಸೂದೆಯನ್ನು ಮೆಚ್ಚಿದರು. ಮೆಚ್ಚುವಂಥದ್ದೇ ಅದು.

ಆದರೆ ನನ್ನಂಥವನನ್ನು ರಾತ್ರಿ ನಿದ್ದೆಗೆಡಿಸಿದ ಪ್ರಶ್ನೆ ಬೇರೆ. ಆ 26 ವಾರದ ಸಂಬಳ ಕೊಡುವವರು ಯಾರು? ಕೆನಡಾದಲ್ಲಿ ಅದನ್ನು ಉದ್ಯೋಗ ವಿಮೆಯ ನಿಧಿ ಕೊಡುತ್ತದೆ. ನಾರ್ವೆಯಲ್ಲಿ ರಾಷ್ಟ್ರೀಯ ವಿಮೆ ಕೊಡುತ್ತದೆ. ನಮ್ಮಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇಲ್ಲದಿದ್ದರೆ ಆ ಹೆಂಗಸಿನ ಮಾಲೀಕರೇ ಪೂರ್ತಿ ಕೊಡಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ನೇ ಇಸವಿಯ ಒಪ್ಪಂದವೊಂದಿದೆ, 183ನೇ ನಂಬರಿನದ್ದು. ಹೆರಿಗೆ ಸಂಬಳ ವಿಮೆಯಿಂದ ಅಥವಾ ಸರ್ಕಾರದ ಹಣದಿಂದ ಬರಬೇಕು, ಒಬ್ಬೊಬ್ಬ ಮಾಲೀಕರ ಮೇಲೆ ಹೊರೆ ಹಾಕಿದರೆ ಹೆಂಗಸರಿಗೆ ಕೆಲಸ ಸಿಗುವುದೇ ಕಷ್ಟ ಆಗುತ್ತದೆ ಎಂಬ ಯೋಚನೆ ಅದರ ಹಿಂದಿದೆ. ಟೀ ಅಂಗಡಿ ಮುಂದೆ ನಾನು ತಲೆ ಆಡಿಸಿದೆನಲ್ಲ, ಅದೇ ಆ ಕಷ್ಟ.

ಇದು ಹೊಸ ಮಾತೂ ಅಲ್ಲ. 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಮಸೂದೆ ಬಂದಾಗ ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಹಾಗಾಗಿ ಖರ್ಚಿನ ದೊಡ್ಡ ಪಾಲು ಸರ್ಕಾರದ್ದಾಗಬೇಕು, ಆದರೆ ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಪೂರ್ತಿ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ನಿಲುವು. ಇಬ್ಬರೂ ಹೊರಬೇಕು ಅಂದರು. ಅದನ್ನು ಓದಿದ ಮೇಲೆ ಟೀ ಅಂಗಡಿಯ ಮಾತು ನನಗೆ ಬಹಳ ಸಣ್ಣದಾಗಿ ಕಂಡಿತು.

ಇಎಸ್‌ಐ ಇರುವವರ ವಿಷಯದಲ್ಲಿ ನಾವು ಹಾಗೆಯೇ ಹಂಚಿಕೊಂಡು ಹೊರುತ್ತಿದ್ದೇವೆ. 2017ರ ಜನವರಿಯಿಂದ ತಿಂಗಳ ಸಂಬಳ 21,000 ರೂಪಾಯಿ ಒಳಗಿರುವವರೆಲ್ಲ ಇಎಸ್‌ಐ ಲೆಕ್ಕಕ್ಕೆ ಬರುತ್ತಾರೆ. ಅವರ ಹೆರಿಗೆ ರಜೆಯ ಸಂಬಳವನ್ನು ನಿಗಮವೇ ಕೊಡುತ್ತದೆ. 2019ರ ಜುಲೈಯಿಂದ ಮಾಲೀಕರ ವಂತಿಗೆ 100 ರೂಪಾಯಿಗೆ 3.25, ಕೆಲಸಗಾರರದ್ದು 75 ಪೈಸೆ. ನಮ್ಮ 27 ಹೆಂಗಸರಲ್ಲಿ ಹೆಚ್ಚಿನವರು ಇದರಲ್ಲೇ ಇದ್ದರು. ತೊಂದರೆ ಇರುವುದು ಆ ಗೆರೆಯ ಸ್ವಲ್ಪ ಮೇಲೆ. ಅಲ್ಲಿರುವವರು ಯಾರು? ಹತ್ತು ವರ್ಷ ದುಡಿದು ಸೂಪರ್‌ವೈಸರ್ ಆದವರು, ಲೈನ್ ನಡೆಸುವವರು. ನನಗೆ ಅತಿ ಹೆಚ್ಚು ಬೇಕಾದವರು. ಅವರ ರಜೆಯ ಪೂರ್ತಿ ಸಂಬಳ ನನ್ನದು.

2018ರಲ್ಲಿ ನಮ್ಮ ಟೆಸ್ಟಿಂಗ್ ಸೂಪರ್‌ವೈಸರ್ ಗರ್ಭಿಣಿಯಾದರು. ಸಂಬಳ 24,000. ಆರು ತಿಂಗಳಿಗೆ ಒಂದೂವರೆ ಲಕ್ಷದ ಹತ್ತಿರ. ಅದರಲ್ಲೂ ಕಾನೂನಿನ ಒಂದು ಮಾತು ಬಹಳ ಮಾಲೀಕರಿಗೆ ಗೊತ್ತೇ ಇಲ್ಲ. ಹೆರಿಗೆಗೆ ಮುಂಚಿನ ರಜೆಯ ಹಣ ಮುಂಗಡ ಕೊಡಬೇಕು. ಹೆರಿಗೆ ಆದ ಮೇಲೆ ಅದರ ದಾಖಲೆ ಕೊಟ್ಟ 48 ಗಂಟೆಯೊಳಗೆ ಉಳಿದ ವಾರಗಳ ಹಣವನ್ನೆಲ್ಲ ಒಟ್ಟಿಗೆ ಕೊಡಬೇಕು. ತಿಂಗಳು ತಿಂಗಳು ಕೊಟ್ಟರಾಯಿತು ಅಂದುಕೊಂಡಿದ್ದೆ. ಹಾಗಲ್ಲ. ಒಂದೇ ಸಲ ಒಂದು ಲಕ್ಷಕ್ಕೂ ಜಾಸ್ತಿ! ಆಗ ನಮ್ಮಿಂದ ಮಾಲು ಕೊಂಡ ಒಬ್ಬ ದೊಡ್ಡ ಗಿರಾಕಿ ಮೂರು ತಿಂಗಳಿಂದ ಬಿಲ್ ಪಾವತಿ ಮಾಡಿರಲಿಲ್ಲ. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾನೂನಿದೆ. ಅದನ್ನೂ ಮಾಡಿದ್ದು ಇದೇ ಸಂಸತ್ತು. ಆದರೆ ದೊಡ್ಡವರನ್ನು ಜೋರಾಗಿ ಕೇಳುವ ಧೈರ್ಯ ಸಣ್ಣವರಿಗೆ ಇರುವುದಿಲ್ಲ. ನಾನು ಚಿನ್ನ ಅಡವಿಟ್ಟು ಆ ಸೂಪರ್‌ವೈಸರ್‌ಗೆ ಹಣ ಕೊಟ್ಟೆ.

ಆ ರಾತ್ರಿ ಲೆಕ್ಕದ ಪುಸ್ತಕ ನೋಡುತ್ತಿದ್ದ ನನ್ನ ಹೆಂಡತಿ ಒಂದು ಮಾತು ಹೇಳಿದಳು. "ದೀಪಾವಳಿ ಬೋನಸ್‌ಗೆ ಪ್ರತಿ ತಿಂಗಳು ಎತ್ತಿಡ್ತೀವಲ್ಲ. ದೀಪಾವಳಿ ಬರುತ್ತೆ ಅಂತ ಗೊತ್ತಿದ್ದಕ್ಕೆ ತಾನೇ? ಇಷ್ಟು ಜನ ಹೆಣ್ಮಕ್ಕಳು ಇರೋ ಕಡೆ ಮಕ್ಕಳಾಗುತ್ತೆ ಅಂತಾನೂ ಗೊತ್ತಲ್ವಾ?"

ಮರುದಿನವೇ ಬ್ಯಾಂಕಿನಲ್ಲಿ 5,000 ರೂಪಾಯಿಯ ಆರ್‌ಡಿ ಶುರು ಮಾಡಿದೆ. ಇದುವರೆಗೆ ಒಂದು ತಿಂಗಳೂ ತಪ್ಪಿಸಿಲ್ಲ, ಕೋವಿಡ್ ಲಾಕ್‌ಡೌನಿನಲ್ಲೂ ಕೂಡ. 2017ರಿಂದ ಎಂಟು ವರ್ಷದಲ್ಲಿ ನಮ್ಮಲ್ಲಿ 11 ಹೆರಿಗೆ ರಜೆ ಆಗಿವೆ. ಎಂಟು ಇಎಸ್‌ಐ ಮೂಲಕ, ಮೂರು ನಮ್ಮ ಕೈಯಿಂದ. ಆ ಮೂರಕ್ಕೆ ಒಟ್ಟು ಖರ್ಚು 5 ಲಕ್ಷ ಚಿಲ್ಲರೆ. ಎಂಟು ವರ್ಷದಲ್ಲಿ ನಾನು ಕೊಟ್ಟ ಒಟ್ಟು ಸಂಬಳದ ಪಕ್ಕದಲ್ಲಿಟ್ಟು ನೋಡಿದರೆ 100 ರೂಪಾಯಿಗೆ 1 ರೂಪಾಯಿಯೂ ಇಲ್ಲ. ಇಷ್ಟಕ್ಕಾ ಅಷ್ಟು ಹೆದರಿದ್ದು ಅನ್ನಿಸಿತು. ಹಂಚಿ ಹೊತ್ತರೆ ಹಗುರ. ಒಬ್ಬನ ತಲೆಯ ಮೇಲೆ ಒಂದೇ ದಿನ ಬಿದ್ದರೆ ಮಾತ್ರ ಭಾರ.

ದುಡ್ಡಿಗಿಂತ ಕಷ್ಟವಾದದ್ದು ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುವುದು. ಆ ಸೂಪರ್‌ವೈಸರ್ ರಜೆಗೆ ಹೋದ ಎರಡೇ ವಾರದಲ್ಲಿ ನಮ್ಮ ಒಂದು ಲಾಟ್ ಪೂರ್ತಿ ವಾಪಸ್ ಬಂತು. ಎರಡು ತಂತಿ ಅದಲುಬದಲಾಗಿದ್ದವು. ಟೆಸ್ಟಿಂಗ್ ಜಿಗ್, ಅಂದರೆ ತಂತಿ ಕಟ್ಟನ್ನು ಹಿಡಿದಿಟ್ಟು ಪರೀಕ್ಷಿಸುವ ಸಾಧನ, ಸೆಟ್ ಮಾಡುವುದು ಅವರೊಬ್ಬರಿಗೇ ಗೊತ್ತಿತ್ತು. ಅದು ರಜೆಯ ತಪ್ಪಲ್ಲ, ನನ್ನ ತಪ್ಪು. ಅವರಿಗೆ ಡೆಂಗ್ಯೂ ಬಂದಿದ್ದರೂ ಹೀಗೇ ಆಗುತ್ತಿತ್ತು. ಆಮೇಲೆ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದೆ. ಎಡಗಡೆ ಕೆಲಸದ ಹೆಸರು, ಮೇಲೆ ಜನರ ಹೆಸರು. ಒಂದೊಂದು ಕೆಲಸಕ್ಕೂ ಕಡೇಪಕ್ಷ ಇಬ್ಬರ ಹೆಸರಿನ ಕೆಳಗೆ ಹಸಿರು ಚುಕ್ಕೆ ಬೀಳಬೇಕು. ಶನಿವಾರ ಮಧ್ಯಾಹ್ನ ಒಂದು ಗಂಟೆ ಮಾಮೂಲಿ ಕೆಲಸ ನಿಲ್ಲಿಸಿ ಒಬ್ಬರಿಗೊಬ್ಬರು ಕಲಿಸುತ್ತಾರೆ. ಎಲ್ಲ ಕಡೆ ಎರಡು ಚುಕ್ಕೆ ಬೀಳಲು ಒಂಬತ್ತು ತಿಂಗಳು ಹಿಡಿಯಿತು. ಎರಡನೇ ಚುಕ್ಕೆ ಬಿದ್ದವರಿಗೆ ಸಂಬಳ ಸ್ವಲ್ಪ ಏರಿಸಿದೆ. ಇಲ್ಲದಿದ್ದರೆ ಯಾರು ಸುಮ್ನೆ ಕಲಿಯುತ್ತಾರೆ?

ಇನ್ನೊಂದು ಘಟನೆ ಬರೆಯಲೇಬೇಕು. ಆ ಮೊದಲ ವರ್ಷದಲ್ಲೇ ಒಬ್ಬ ಹುಡುಗಿ ಟರ್ಮಿನಲ್ ಒತ್ತುವ ಕ್ರಿಂಪಿಂಗ್ ಮೆಷಿನ್ ಮುಂದೆ ತಲೆ ಸುತ್ತಿ ಕುಸಿದಳು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಏಳು ತಿಂಗಳು. ದುಪಟ್ಟಾ ಅಗಲವಾಗಿ ಹೊದ್ದು ಮುಚ್ಚಿಟ್ಟುಕೊಂಡಿದ್ದಳು. "ಯಾಕಮ್ಮ ಹೇಳಲಿಲ್ಲ?" ಅಂದೆ. "ಕೆಲಸದಿಂದ ತೆಗೀತೀರಾ ಅಂತ ಭಯ ಆಯ್ತು ಸರ್" ಅಂದಳು. ಅವಳಿಗೆ ಇಎಸ್‌ಐ ಇತ್ತು. ನನ್ನ ಕೈಯಿಂದ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕಾದವನು ನಾನು. ಕೆಲಸಕ್ಕೆ ಸೇರುವಾಗಲೇ ಹೆರಿಗೆ ಸೌಲಭ್ಯಗಳನ್ನು ಬರೆದು ತಿಳಿಸಬೇಕು ಎಂದು 2017ರ ತಿದ್ದುಪಡಿಯಲ್ಲೇ ಇತ್ತು. ನಾನು ಇಂಗ್ಲಿಷಿನ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಮುಗಿಸಿದ್ದೆ. ಆಮೇಲೆ ಕನ್ನಡದಲ್ಲಿ ಅರ್ಧ ಪುಟ ಬರೆದೆ. ಎಷ್ಟು ವಾರ, ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವ ಹಾಗಿಲ್ಲ, ಮಗುವಿಗೆ 15 ತಿಂಗಳು ಆಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು. ಅದನ್ನು ಸೇರುವ ದಿನ ನಾನೇ ಓದಿ ಹೇಳುತ್ತೇನೆ. "ಮದುವೆ ಯಾವಾಗಮ್ಮ?" ಅನ್ನುವ ಪ್ರಶ್ನೆ ಅಂದಿಗೆ ನಿಂತಿತು.

50 ಜನ ಇದ್ದರೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್ ಇರಬೇಕು. ನಮ್ಮಲ್ಲಿ ಅಷ್ಟು ಜನ ಇಲ್ಲ. ಆದರೆ ರಜೆ ಮುಗಿಸಿ ಬಂದವರು ಎರಡು ತಿಂಗಳಲ್ಲಿ ಕೆಲಸ ಬಿಡುತ್ತಿದ್ದರು. ಊರಿಂದ ಅಮ್ಮನೋ ಅತ್ತೆಯೋ ಬಂದರೆ ಸರಿ, ಇಲ್ಲವಾದರೆ ಮಗು ಯಾರ ಹತ್ತಿರ? ಬೀದಿಯ ನಾಲ್ಕು ಘಟಕದವರು ಸೇರಿ ಒಂದು ಮನೆಯ ಕೆಳ ಮಹಡಿ ಬಾಡಿಗೆಗೆ ಹಿಡಿದೆವು. ಇಬ್ಬರು ಆಯಾ ಇದ್ದಾರೆ. ಖರ್ಚು ನಾಲ್ಕು ಪಾಲು. ನಮ್ಮ ಹೆಂಗಸರು ಅದನ್ನು ಪಾಪು ಮನೆ ಅನ್ನುತ್ತಾರೆ. ಟೀ ಅಂಗಡಿ ಮುಂದೆ ಆ ಮಾತು ಆಡಿದವರೂ ಈಗ ಒಂದು ಪಾಲು ಕೊಡುತ್ತಾರೆ. ಅದು ಶುರುವಾದ ಮೇಲೆ ರಜೆ ಮುಗಿಸಿ ಬಂದ ಐವರಲ್ಲಿ ನಾಲ್ವರು ಇನ್ನೂ ನಮ್ಮಲ್ಲಿದ್ದಾರೆ.

ಇಷ್ಟೆಲ್ಲ ಮಾಡಿದ ಮೇಲೂ ಸಂಸತ್ತಿನ ಮೇಲೆ ನನ್ನ ಒಂದು ದೂರು ಹಾಗೇ ಇದೆ. 2018ರ ನವೆಂಬರಿನಲ್ಲಿ ಕಾರ್ಮಿಕ ಸಚಿವಾಲಯ ಒಂದು ಯೋಜನೆ ಯೋಚನೆಯಲ್ಲಿದೆ ಎಂದಿತ್ತು. 15,000 ರೂಪಾಯಿ ಒಳಗೆ ಸಂಬಳ ಇರುವವರ 7 ವಾರದ ಹಣವನ್ನು ಮಾಲೀಕರಿಗೆ ವಾಪಸ್ ಕೊಡುವ ಯೋಜನೆ. ನನ್ನ ಕೈಗಂತೂ ಅಂಥ ಹಣ ಬಂದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಹೆರಿಗೆ ಸೌಲಭ್ಯದ ಕಾನೂನನ್ನೂ ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆ ಬಂದಾಗ ಇದನ್ನು ಸರಿಮಾಡುವ ಒಳ್ಳೆಯ ಅವಕಾಶ ಇತ್ತು. ಲೋಕಸಭೆ 22ರಂದು, ರಾಜ್ಯಸಭೆ 23ರಂದು ಮೂರು ಕಾರ್ಮಿಕ ಸಂಹಿತೆಗಳನ್ನು ಒಟ್ಟಿಗೆ ಪಾಸು ಮಾಡಿದವು. ಹೆಚ್ಚಿನ ವಿರೋಧ ಪಕ್ಷಗಳು ಕಲಾಪ ಬಹಿಷ್ಕರಿಸಿದ್ದವು. ಕೋಟ್ಯಂತರ ಜನರ ಕೆಲಸದ ವಿಷಯ, ಎದುರು ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಒಳಗಿರಲಿಲ್ಲ. ನನಗೆ ಅದು ಇವತ್ತಿಗೂ ನೋವು. 2025ರ ನವೆಂಬರ್ 21ರಿಂದ ಆ ಸಂಹಿತೆ ಜಾರಿಯಾಗಿದೆ. 26 ವಾರ ಹಾಗೇ ಇದೆ, ಒಳ್ಳೆಯದು. ಗೆರೆಯ ಮೇಲಿರುವವರ ಪೂರ್ತಿ ಹೊರೆ ಒಬ್ಬ ಮಾಲೀಕನ ಮೇಲಿರುವುದೂ ಹಾಗೇ ಇದೆ.

ಮಾಲೀಕರ ಸಂಘದ ಸಭೆಗಳಲ್ಲಿ ಕೆಲವರು ರಜೆ ಕಡಿಮೆ ಮಾಡಿ ಅನ್ನುತ್ತಾರೆ. ಅದು ಬೇಡ. ಇಎಸ್‌ಐ ಥರ ಎಲ್ಲ ಮಾಲೀಕರಿಂದ, ಗಂಡಸರು ಹೆಂಗಸರು ಅನ್ನದೆ ಎಲ್ಲ ಕೆಲಸಗಾರರ ಲೆಕ್ಕದಲ್ಲಿ, ಸ್ವಲ್ಪ ಸ್ವಲ್ಪ ವಂತಿಗೆ ತೆಗೆದುಕೊಳ್ಳಿ. ಸರ್ಕಾರವೂ ಒಂದು ಪಾಲು ಹಾಕಲಿ. ಆಗ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡವನಿಗೂ ತೆಗೆದುಕೊಳ್ಳದವನಿಗೂ ಖರ್ಚು ಒಂದೇ ಆಗುತ್ತದೆ. ನಮ್ಮ ಭಾಗದ ಸಂಸದರಿಗೆ ನನ್ನ ಎಂಟು ವರ್ಷದ ಲೆಕ್ಕ ಸಮೇತ ಎರಡು ಸಲ ಪತ್ರ ಬರೆದಿದ್ದೇನೆ. ಮೂರನೆಯದನ್ನು ಈ ವಾರ ಬರೆಯುತ್ತಿದ್ದೇನೆ.

ಹೋದ ತಿಂಗಳು ಬೋರ್ಡ್ ಸೆಕ್ಷನ್ನಿನ ಹುಡುಗಿಯೊಬ್ಬಳು ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ಅವಳ ಸಂಬಳ ಈ ವರ್ಷ 21,000 ದಾಟಿ, ಇಎಸ್‌ಐ ಲೆಕ್ಕದಿಂದ ಹೊರಗೆ ಬಂದಿದ್ದಾಳೆ. "ಏನಮ್ಮ?" ಅಂದೆ. "ಮೂರು ತಿಂಗಳು ಸರ್. ಮನೇಲಿ ಇನ್ನೂ ಅತ್ತೆಗೂ ಹೇಳಿಲ್ಲ. ನಿಮಗೆ ಮೊದಲೇ ಹೇಳಿದ್ರೆ ನನ್ನ ಜಾಗಕ್ಕೆ ಯಾರಿಗಾದ್ರೂ ಕಲಿಸೋಕೆ ಟೈಮ್ ಸಿಗುತ್ತಲ್ಲ ಅಂತ ಬಂದೆ." ನಾನು ಅವಳನ್ನು ಕೂರಿಸಿ, ಗೋಡೆಯ ಹಾಳೆ ನೋಡಿದೆ. ಅವಳ ಕೆಲಸದ ಸಾಲಿನಲ್ಲಿ ಈಗ ಹಸಿರು ಚುಕ್ಕೆ ಒಂದೇ ಉಳಿದಿತ್ತು. ಆ ಶನಿವಾರದಿಂದ ಅವಳ ಪಕ್ಕ ಇನ್ನೊಬ್ಬಳು ಕೂತು ಕಲಿಯುತ್ತಿದ್ದಾಳೆ.