ದುಡ್ಡು ಹಾಕುವ ಮೊದಲು ಒಂದು ಹಾಳೆ ತುಂಬಿಸಿ

ಹೊಸ ವ್ಯಾಪಾರದ ಯೋಚನೆ ಬಂದ ಕೂಡಲೇ ನಾವು ಲಾಭ ಎಣಿಸಲು ಕೂರುತ್ತೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಖುಷಿ ಅದು. ಖುಷಿ ಪಡುವುದು ತಪ್ಪಲ್ಲ. ಆದರೆ ಒಮ್ಮೆ ದುಡ್ಡು ಹಾಕಿದ ಮೇಲೆ ಮನಸ್ಸು ತಣ್ಣಗೆ ಯೋಚಿಸುವುದಿಲ್ಲ. ಅದಕ್ಕೇ ಮುಖ್ಯವಾದ ಲೆಕ್ಕಗಳು ಮೊದಲೇ ಕಾಗದದ ಮೇಲೆ ಇರಬೇಕು.

ಮೊದಲು ಗಿರಾಕಿ. ‘ಈ ಐಡಿಯಾ ಹೇಗಿದೆ?’ ಎಂದು ಸುಮ್ನೆ ಕೇಳಬೇಡಿ. ನೆಂಟರು, ಸ್ನೇಹಿತರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ನಿಮ್ಮ ಮನಸ್ಸು ನೋಯಿಸಲು ಅವರಿಗೆ ಇಷ್ಟವಿಲ್ಲ, ಅಲ್ವಾ? ಪರಿಚಯವಿಲ್ಲದವರ ಮುಂದೆ ಮಾದರಿ ಇಟ್ಟು ಅಡ್ವಾನ್ಸ್ ಕೇಳಿ. ಎಷ್ಟು ಜನರನ್ನು ಕೇಳಿದಿರಿ, ಅವರಲ್ಲಿ ಎಷ್ಟು ಜನ ದುಡ್ಡು ಕೊಟ್ಟರು ಎಂದು ಬರೆದುಕೊಳ್ಳಿ.

ಎರಡನೆಯದು ಬ್ರೇಕ್ ಈವನ್ ಲೆಕ್ಕ. ನಷ್ಟ ನಿಂತು ಲಾಭ ಶುರುವಾಗುವುದು ಎಲ್ಲಿ ಎಂದು ಇದು ಹೇಳುತ್ತದೆ. ವ್ಯಾಪಾರ ಆಗಲಿ ಬಿಡಲಿ, ತಿಂಗಳು ತಿಂಗಳು ಕಟ್ಟಲೇಬೇಕಾದ ಖರ್ಚನ್ನು ಕೂಡಿಸಿ: ಬಾಡಿಗೆ, ಸಂಬಳ, ಕರೆಂಟ್ ಬಿಲ್, ಸಾಲದ ಕಂತು. ನಿಮ್ಮ ಸ್ವಂತ ಸಂಬಳವನ್ನು ಮರೆಯಬೇಡಿ. ಅದನ್ನು ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ. ಈಗ ಒಂದು ವಸ್ತುವಿನ ಮಾರಾಟದ ಬೆಲೆಯಿಂದ ಅದರ ಅಸಲು ಕಳೆಯಿರಿ. ತಿಂಗಳ ಖರ್ಚನ್ನು ಆ ಉಳಿಕೆಯಿಂದ ಭಾಗಿಸಿ.

ಖರ್ಚು 60,000, ಒಂದರ ಮೇಲೆ ಉಳಿಯುವುದು 40 ಎಂದಿಟ್ಟುಕೊಳ್ಳಿ. 1,500 ಮಾರಿದರೆ ಖರ್ಚು ಸರಿಹೋಗುತ್ತದೆ. ತಿಂಗಳಿಗೆ 25 ದಿನ ಕೆಲಸವಾದರೆ ದಿನಕ್ಕೆ 60. ಅಷ್ಟು ಮಾರಾಟ ಎಲ್ಲಿಂದ ಬರುತ್ತದೆ? ‘ಡಿಸ್ಕೌಂಟ್ ಕೊಟ್ಟರೆ ಬರುತ್ತದೆ’ ಅನ್ನಿಸಬಹುದು. ಬೆಲೆಯಲ್ಲಿ 10 ಇಳಿಸಿದರೆ ಉಳಿಕೆ 30. ಆಗ 2,000 ಮಾರಬೇಕು, ದಿನಕ್ಕೆ 80. ಚಿಕ್ಕ ರಿಯಾಯಿತಿ ಎಷ್ಟು ಭಾರ ಹೊರಿಸುತ್ತದೆ ನೋಡಿ. ಬೆಲೆ ಇಳಿಸುವ ಮೊದಲು ಈ ಲೆಕ್ಕವನ್ನು ಮತ್ತೆ ಮಾಡಲೇಬೇಕು.

ಮೂರನೆಯದು ನಗದು. ಲಾಭ ಬೇರೆ, ಕೈಯಲ್ಲಿರುವ ದುಡ್ಡು ಬೇರೆ. ಉದ್ರಿ ಕೊಟ್ಟ ಮಾಲು ಪುಸ್ತಕದಲ್ಲಿ ಲಾಭ ತೋರಿಸುತ್ತದೆ, ಆದರೆ ಆ ಲಾಭದಿಂದ ನಾಳೆ ಸಂಬಳ ಕೊಡಲು ಆಗುವುದಿಲ್ಲ. ದುಡ್ಡು ಬರುವ ದಿನ, ಹೋಗುವ ದಿನ ಎರಡನ್ನೂ ವಾರವಾರ ಬರೆಯಿರಿ.

ಸಮಯದ ಅಂದಾಜನ್ನೂ ನಂಬಬೇಡಿ. ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರ ತಂಡ ಒಂದು ಪಠ್ಯಪುಸ್ತಕ ಸುಮಾರು 2 ವರ್ಷದಲ್ಲಿ ಮುಗಿಯುತ್ತದೆ ಎಂದುಕೊಂಡಿತ್ತು. ಹಿಡಿದದ್ದು 8 ವರ್ಷ. ಜನ ತಪ್ಪುವುದು ಹೇಗೆಂದು ಅಧ್ಯಯನ ಮಾಡುವವರೇ ತಪ್ಪಿದರು. ನಿಮ್ಮಂಥದ್ದೇ ಕೆಲಸ ಶುರು ಮಾಡಿದ ಇತರರಿಗೆ ಎಷ್ಟು ದಿನ ಹಿಡಿಯಿತು ಎಂದು ವಿಚಾರಿಸಿ, ಅದನ್ನೇ ಅಂದಾಜಾಗಿ ಇಟ್ಟುಕೊಳ್ಳಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು, ಕೈ ಬಿಡುವ ಗೆರೆ. ‘ಇಷ್ಟು ದುಡ್ಡು ಹೋದರೆ, ಅಥವಾ ಈ ತಾರೀಕಿನೊಳಗೆ ಬ್ರೇಕ್ ಈವನ್ ತಲುಪದಿದ್ದರೆ ನಿಲ್ಲಿಸುತ್ತೇನೆ’ ಎಂದು ಈಗಲೇ ಬರೆಯಿರಿ. ಆ ಹೊತ್ತಿಗೆ ‘ಇಷ್ಟೆಲ್ಲ ಹಾಕಿದ್ದೀನಿ, ಈಗ ಹೇಗೆ ಬಿಡೋದು?’ ಎಂದು ಮನಸ್ಸು ಹಟ ಮಾಡುತ್ತದೆ. ಹೋದ ದುಡ್ಡು ಮುಂದುವರಿದರೂ ಬರುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತು ಹೊಸದಾಗಿ ಶುರು ಮಾಡುವುದಾದರೆ ಇದಕ್ಕೆ ದುಡ್ಡು ಹಾಕುತ್ತಿದ್ದೆನಾ?

ಈ ಹಾಳೆಯ ಒಂದು ಪ್ರತಿಯನ್ನು ನೇರವಾಗಿ ಮಾತಾಡುವ ಒಬ್ಬರಿಗೆ ಕೊಟ್ಟಿಡಿ. ಅವರ ದುಡ್ಡು ಈ ವ್ಯಾಪಾರದಲ್ಲಿ ಇರಬಾರದು. ಆ ತಾರೀಕು ಬಂದಾಗ ಅದನ್ನು ನಿಮ್ಮ ಮುಂದೆ ಓದುವ ಕೆಲಸ ಅವರದು.