ತಾಹಿನಿ: ಹುರಿಯುವಾಗ ಆತುರ ಬೇಡ, ನೀರು ಹಾಕುವಾಗ ಗಾಬರಿ ಬೇಡ

ಎಳ್ಳನ್ನು ಹುರಿದು ಬೆಣ್ಣೆಯಷ್ಟು ನುಣ್ಣಗೆ ಅರೆದರೆ ತಾಹಿನಿ. ಅರಬ್ಬಿಯಲ್ಲಿ ‘ಅರೆಯುವುದು’ ಎಂಬ ಅರ್ಥದ ಧಾತುವಿನಿಂದಲೇ ಈ ಹೆಸರು ಹುಟ್ಟಿದ್ದು. ಲೆಬನಾನ್, ಪ್ಯಾಲೆಸ್ಟೀನ್, ಸಿರಿಯಾ ಕಡೆಯ ಅಡುಗೆಮನೆಯಲ್ಲಿ ಇದರ ಡಬ್ಬ ಖಾಲಿಯಾದರೆ ಅರ್ಧ ಅಡುಗೆ ನಿಂತಂತೆ.

ಬೇಕಾದದ್ದು 250 ಗ್ರಾಂ ಸಿಪ್ಪೆ ತೆಗೆದ ಬಿಳಿ ಎಳ್ಳು, ಎರಡು-ಮೂರು ದೊಡ್ಡ ಚಮಚ ಎಣ್ಣೆ. ಸಿಪ್ಪೆ ಇರುವ ಎಳ್ಳೂ ಆಗುತ್ತದೆ, ಆದರೆ ಬಣ್ಣ ಮಂಕು, ರುಚಿ ತುಸು ಕಹಿ. ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇದೆ, ನಿಜ. ಅದು ಆಕ್ಸಲೇಟ್ ಎಂಬ ಸಸ್ಯಗಳಲ್ಲಿರುವ ರಾಸಾಯನಿಕಕ್ಕೆ ಅಂಟಿಕೊಂಡಿರುವುದರಿಂದ ಮೈಗೆ ಹತ್ತುವುದು ಕಡಿಮೆ.

ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈಬಿಡದೆ ಆಡಿಸುತ್ತಾ ಐದಾರು ನಿಮಿಷ ಹುರಿಯಿರಿ. ಎಳ್ಳು ಚಟಪಟ ಅಂದು, ಘಮ ಎದ್ದು, ಬಣ್ಣ ತಿರುಗುವ ಮುನ್ಸೂಚನೆ ಕಂಡ ಕೂಡಲೇ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಎಳ್ಳು ಇನ್ನಷ್ಟು ಹುರಿಯುತ್ತದೆ. ನನ್ನ ಮೊದಲ ತಾಹಿನಿ ಕಹಿಯಾಗಿದ್ದು ಹೀಗೆಯೇ. ಚೀನಾದಲ್ಲಿ ಬೇಕೆಂದೇ ಕಡುಕಂದು ಬಣ್ಣಕ್ಕೆ ಹುರಿದು ಅರೆಯುತ್ತಾರೆ. ನೂಡಲ್ಸ್‌ಗೆ ಅದು ಸೊಗಸು, ಕಡಲೆ ಅರೆದು ಮಾಡುವ ಹಮ್ಮಸ್‌ಗೆ ಒಗ್ಗದು.

ಎಳ್ಳು ಉಗುರುಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ. ಮೊದಲು ಪುಡಿ, ಆಮೇಲೆ ಜಾರಿನ ಗೋಡೆಗೆ ಅಂಟುವ ಮುದ್ದೆ. ಇಲ್ಲಿಗೇ ಆಯಿತೆಂದು ಅನೇಕರು ಕೈಬಿಡುತ್ತಾರೆ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಅದು ಬಿಡುವವರೆಗೆ ಕಾಯಬೇಕು. ಕೆರೆದು, ಒಂದೊಂದೇ ಚಮಚ ಎಣ್ಣೆ ಸೇರಿಸಿ, ಮಿಕ್ಸಿ ಬಿಸಿಯಾದರೆ ಬಿಡುವು ಕೊಟ್ಟು, ಚಮಚದಿಂದ ಎಳೆಯಾಗಿ ಇಳಿಯುವ ಹದಕ್ಕೆ ಅರೆಯಿರಿ.

ಇನ್ನು ಸಾಸ್. ಅರ್ಧ ಕಪ್ ತಾಹಿನಿಗೆ ಒಂದು ನಿಂಬೆಯ ರಸ, ಜಜ್ಜಿದ ಬೆಳ್ಳುಳ್ಳಿ ಎಸಳು, ಉಪ್ಪು ಹಾಕಿ ಕಲಸಿ. ತೆಳ್ಳಗಾಗುವ ಬದಲು ಸಿಮೆಂಟಿನಂತೆ ಬಿಗಿಯುತ್ತದೆ! ಕೆಟ್ಟಿಲ್ಲ. ಎಣ್ಣೆಯಲ್ಲಿ ತೇಲುತ್ತಿದ್ದ ಎಳ್ಳಿನ ಕಣಗಳು ಸಿಕ್ಕಿದ ಸ್ವಲ್ಪ ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಂಡಿವೆ. ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತಾ ಕಡೆಯಿರಿ. ನೀರು ಸಾಕಷ್ಟಾದಾಗ ಎಣ್ಣೆ ಸಣ್ಣ ಹನಿಗಳಾಗಿ ಅದರೊಳಗೆ ಹರಡಿಕೊಂಡು, ಮುದ್ದೆ ಸಡಿಲಾಗಿ ಬೆಳ್ಳಗೆ, ಕೆನೆಯಂತಾಗುತ್ತದೆ. ಈ ಬದಲಾವಣೆ ನೋಡಲೆಂದೇ ನಾನು ಕೈಯಲ್ಲೇ ಕಡೆಯುತ್ತೇನೆ.

ಹುರಿದ ಹೂಕೋಸು, ಕಡಲೆ ವಡೆಯಂಥ ಫಲಾಫೆಲ್, ಮೀನು, ಸಲಾಡ್‌ಗಳ ಮೇಲೆ ಈ ಸಾಸ್ ಸುರಿಯಬಹುದು. ಎರಡೂವರೆ ಕಪ್‌ನಷ್ಟು ಬೆಂದ ಕಾಬೂಲಿ ಕಡಲೆಗೆ ಅರ್ಧ ಕಪ್ ತಾಹಿನಿ, ನಿಂಬೆ, ಬೆಳ್ಳುಳ್ಳಿ ಸೇರಿಸಿ ಅರೆದರೆ ಹಮ್ಮಸ್. ಕಡಲೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಬೆಂದಿರಲಿ. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ತಿರುಳಿಗೆ ತಾಹಿನಿ ಕಲಸಿದರೆ ಬಾಬಾ ಗನೂಶ್. ಕುದಿಸಿದ ಸಕ್ಕರೆ ಪಾಕಕ್ಕೆ ತಾಹಿನಿ ಬೆರೆಸಿ ಹಲ್ವಾ ಮಾಡುತ್ತಾರೆ. ಪಾಕದ ಹದ ಅಭ್ಯಾಸದ ಮಾತು. ಕುಕೀಸ್‌ನಲ್ಲಿ ಬೆಣ್ಣೆಯ ಪಾಲು ತಗ್ಗಿಸಿ ಹಾಕುವುದು ಸುಲಭ.

ಗಾಜಿನ ಸೀಸೆಯಲ್ಲಿಟ್ಟು ಒಣ ಚಮಚವನ್ನೇ ಬಳಸಿ. ಮೇಲೆ ಎಣ್ಣೆ ತೇಲಿದರೆ ಚೆಲ್ಲಬೇಡಿ, ತಳದಿಂದ ಕಲಕಿ. ಫ್ರಿಜ್‌ನಲ್ಲಿ ಒಂದೆರಡು ತಿಂಗಳು ಇರುತ್ತದೆ. ಕಮಟು ವಾಸನೆ ಬಂದರೆ ಬಿಸಾಡಿ. ಅತಿಥಿಗಳಿಗೆ ಬಡಿಸುವ ಮುನ್ನ ಎಳ್ಳಿನ ಅಲರ್ಜಿ ಇದೆಯೇ ಎಂದು ಕೇಳಿ. ಅಮೆರಿಕದಲ್ಲಿ 2023ರಿಂದ ಪೊಟ್ಟಣದ ಮೇಲೆ ಎಳ್ಳನ್ನು ಪ್ರಮುಖ ಅಲರ್ಜಿಕಾರಕ ಎಂದು ನಮೂದಿಸುವುದು ಕಡ್ಡಾಯ. ಹಮ್ಮಸ್‌ನಲ್ಲಿ ಎಳ್ಳು ಕಣ್ಣಿಗೆ ಕಾಣುವುದೇ ಇಲ್ಲವಲ್ಲ.