ಮನೆಯ ಮೊಬೈಲ್ ಇಂಟರ್ನೆಟ್ ಕೈಕೊಡುತ್ತಿದೆಯಾ? ಕಡ್ಡಿ ಬಿಡಿ, ಅಂಕಿ ನೋಡಿ

ವಿಡಿಯೊ ಕಾಲ್ ನಡುವೆ ಎದುರಿನವರು ಬಾಯಿ ತೆರೆದ ಹಾಗೆಯೇ ನಿಂತುಬಿಡುತ್ತಾರೆ. ಸಿಮ್ ಹಾಕಿದ ರೂಟರ್ ನೋಡಿದರೆ ಸಿಗ್ನಲ್ ಕಡ್ಡಿಗಳೆಲ್ಲ ಪೂರ್ತಿ ಇವೆ! ಆಫ್ ಮಾಡಿ ಆನ್ ಮಾಡುವ ಮದ್ದು ಎಲ್ಲರಿಗೂ ಗೊತ್ತು. ದಿನಾ ಅದನ್ನೇ ಮಾಡಬೇಕಾಗಿದೆ ಎಂದರೆ ಒಂದು ದಿನ ಕೂತು ಹುಡುಕುವುದು ಒಳ್ಳೆಯದು.

ಮೊದಲು, ತಪ್ಪು ಯಾವ ಕಡೆ?

ಟವರಿನಿಂದ ರೂಟರಿಗೆ ಒಂದು ದಾರಿ, ರೂಟರಿನಿಂದ ನಿಮ್ಮ ಫೋನಿಗೆ ವೈಫೈ ಎಂಬ ಇನ್ನೊಂದು ದಾರಿ. ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೂಟರಿಗೆ ಜೋಡಿಸಿ, ಸ್ಪೀಡ್ ಟೆಸ್ಟ್ ಮಾಡಿ. ಕೇಬಲ್‌ನಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಮಾತ್ರ ಕುಂಟಿದರೆ ಟವರನ್ನು ಬೈಯಬೇಡಿ. ರೂಟರ್ ಇರುವ ಕೋಣೆಯಲ್ಲಿ 5 ಗಿಗಾಹರ್ಟ್ಸ್ ವೈಫೈ ಬಳಸಿ, ಗೋಡೆ ದಾಟಬೇಕಾದರೆ 2.4. ಮೈಕ್ರೋವೇವ್ ಓವನ್ ಕೂಡ 2.4ರ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ಹಾಗಾಗಿ ರೂಟರನ್ನು ಅದರ ಪಕ್ಕ ಇಡಬೇಡಿ.

ಅಂಕಿ ಓದುವುದು

ವೈಫೈ ಸರಿಯಿದೆ ಅಂದರೆ ಟವರಿನ ಕಡೆ ತಿರುಗಿ. ಕಡ್ಡಿಗಳನ್ನು ನಂಬಬೇಡಿ, ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ರೂಟರಿನ ತಳದ ಚೀಟಿಯಲ್ಲಿ 192.168.1.1 ಥರದ ಒಂದು ವಿಳಾಸ ಇರುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆದು ಸಿಗ್ನಲ್ ಪುಟಕ್ಕೆ ಹೋಗಿ. ಅಲ್ಲಿ ಎರಡು ಅಂಕಿ ಸಾಕು.

ಆರ್‌ಎಸ್‌ಆರ್‌ಪಿ (RSRP) ಎಂದರೆ ಸಿಗ್ನಲ್ಲಿನ ಜೋರು. ಮೈನಸ್ 80 ಇದ್ದರೆ ಸೊಗಸು, ಮೈನಸ್ 100 ಸುಮಾರು, ಮೈನಸ್ 110ಕ್ಕಿಂತ ಕೆಳಗಿಳಿದರೆ ಕಷ್ಟ. ಹತ್ತು ಅಂಕಿ ಇಳಿದರೆ ಸಿಗ್ನಲ್ ಹತ್ತನೇ ಒಂದು ಭಾಗಕ್ಕೆ ಬಿತ್ತು ಎಂದು ಅರ್ಥ. ಎಸ್‌ಐಎನ್‌ಆರ್ (SINR) ಹೇಳುವುದು ಗದ್ದಲದ ಕಥೆ: ಸುತ್ತಲಿನ ಬೇರೆ ಸಿಗ್ನಲ್ಲುಗಳ ಗದ್ದಲಕ್ಕಿಂತ ನಮ್ಮ ಸಿಗ್ನಲ್ ಎಷ್ಟು ಮೇಲಿದೆ ಎಂದು. 20ರ ಮೇಲಿದ್ದರೆ ಚೆನ್ನ, ಸೊನ್ನೆಯ ಹತ್ತಿರ ಬಂದರೆ ಒದ್ದಾಟ. ಗಲಾಟೆಯ ನಡುವೆ ಯಾರೋ ಕೂಗಿದ ಹಾಗೆ: ದನಿ ಜೋರಾಗಿದೆ, ಮಾತು ತಿಳಿಯುವುದಿಲ್ಲ. ಕಡ್ಡಿ ಪೂರ್ತಿ ಇದ್ದೂ ನೆಟ್ ನಡೆಯದಿರುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ಜಾಗ ಬದಲಿಸಿ

ರೂಟರನ್ನು ಒಂದೊಂದು ಕಿಟಕಿಯಲ್ಲೂ ಇಟ್ಟು, ಎರಡು ನಿಮಿಷ ಕಾದು, ಎರಡೂ ಅಂಕಿ ಬರೆದುಕೊಳ್ಳಿ. ಮೇಲಿನ ಮಹಡಿ ಇದ್ದರೆ ಅಲ್ಲೂ ನೋಡಿ. ಬಿಸಿಲು ತಡೆಯಲು ಲೋಹದ ಲೇಪನ ಕೊಟ್ಟ ಗಾಜು ಸಿಗ್ನಲ್ಲನ್ನೂ ತಡೆಯುತ್ತದೆ. ಅರ್ಧ ಮೀಟರ್ ಸರಿಸಿದರೂ ಅಂಕಿ ಬದಲಾಗಬಹುದು. ನಮ್ಮ ಮನೆಯಲ್ಲಿ ಗೆದ್ದದ್ದು ಮೆಟ್ಟಿಲ ಪಕ್ಕದ ಕಿಟಕಿ. ನೋಡಲು ಚೆಂದ ಇಲ್ಲ, ಆದರೆ ಕಾಲ್ ನಿಲ್ಲುವುದಿಲ್ಲ.

ಹೊತ್ತು ನೋಡಿ

ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ 9ಕ್ಕೆ ಒಂದೇ ಜಾಗದಲ್ಲಿ ಟೆಸ್ಟ್ ಮಾಡಿ. ಸಿಗ್ನಲ್ ಜೋರಾಗಿದ್ದೂ ರಾತ್ರಿ ಮಾತ್ರ ವೇಗ ಬಿದ್ದರೆ ಟವರಿನಲ್ಲಿ ಜನ ಜಾಸ್ತಿ. ಇದಕ್ಕೆ ಆಂಟೆನಾ ಕೊಂಡರೆ ಸುಮ್ನೆ ದುಡ್ಡು ದಂಡ. ಬೇರೆ ಕಂಪನಿಯ ಸಿಮ್ ಯಾರಿಂದಾದರೂ ಒಂದು ದಿನಕ್ಕೆ ಪಡೆದು ಹಾಕಿ ನೋಡುವುದು ವಾಸಿ. ಎಲ್ಲ ಹೊತ್ತಲ್ಲೂ ನಿಧಾನ ಅಂದರೆ, ಪ್ಲಾನಿನ ಡೇಟಾ ಮುಗಿದು ವೇಗ ಇಳಿಸಿದ್ದಾರೆಯೇ ಎಂದೂ ನೋಡಿ.

ರೂಟರ್ 4ಜಿ, 5ಜಿ ನಡುವೆ ಪದೇ ಪದೇ ಜಿಗಿಯುತ್ತಿದ್ದರೆ ಒಂದು ದಿನ 4ಜಿಗೆ ಕಟ್ಟಿಹಾಕಿ. ಬ್ಯಾಂಡ್ (ಟವರ್ ಸಿಗ್ನಲ್ ಕಳಿಸುವ ರೇಡಿಯೊ ಆವರ್ತನದ ಪಟ್ಟಿ) ಆರಿಸುವ ಅವಕಾಶ ಇದ್ದರೆ, 700–900 ಮೆಗಾಹರ್ಟ್ಸ್‌ನವು ಗೋಡೆ ದಾಟಿ ಬರುತ್ತವೆ. 1800ರ ಮೇಲಿನವು ಸಾಮಾನ್ಯವಾಗಿ ಹೆಚ್ಚು ವೇಗ ಕೊಡುತ್ತವೆ, ಆದರೆ ಗೋಡೆಗೆ ಬೇಗ ಸೋಲುತ್ತವೆ.

ಆಂಟೆನಾ ಕೊನೆಗೆ

ಮನೆಯ ಎಲ್ಲ ಮೂಲೆಯಲ್ಲೂ ಆರ್‌ಎಸ್‌ಆರ್‌ಪಿ ಕಡಿಮೆಯೇ ಇದ್ದರೆ ಮಾತ್ರ ಹೊರಗೆ ಹಾಕುವ ಆಂಟೆನಾ ಕೊಳ್ಳಿ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ, ಚಿಕ್ಕದಾಗಿರಲಿ. ಸಿಗ್ನಲ್ಲನ್ನು ಹಿಗ್ಗಿಸಿ ಮತ್ತೆ ಬಿಡುವ ಬೂಸ್ಟರ್ ಬೇರೆ ಸಾಮಾನು. ಅನುಮತಿ ಇಲ್ಲದೆ ಹಾಕಿದರೆ ಅಕ್ಕಪಕ್ಕದವರ ಸಿಗ್ನಲ್ ಕೆಡಬಹುದು, ಹಲವು ದೇಶಗಳಲ್ಲಿ ಅದು ಅಪರಾಧ ಕೂಡ.

ಇಷ್ಟಾದರೂ ಆಗದಿದ್ದರೆ ಕಸ್ಟಮರ್ ಕೇರ್. ಬರೆದಿಟ್ಟ ಅಂಕಿ, ಸಮಯ, ಸಿಗ್ನಲ್ ಪುಟದಲ್ಲಿರುವ ಸೆಲ್ ಐಡಿ (ನಿಮ್ಮ ಟವರಿನ ಗುರುತಿನ ಸಂಖ್ಯೆ) ಕೈಯಲ್ಲಿರಲಿ. "ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್" ಎನ್ನುವ ಮೊದಲೇ "ಅದಾಯ್ತು" ಎಂದು ಶುರು ಮಾಡಿ.